ಬುಗುರಿಗೆ ಬಣ್ಣ ಹತ್ತುವ ಸದ್ದು

ಪತ್ರಿಕೋದ್ಯಮ ಪದವಿಯ ಕೊನೆಯ ಸೆಮಿಸ್ಟರಿನಲ್ಲಿ ಐದು ನಿಮಿಷದ ಸಾಕ್ಷ್ಯಚಿತ್ರ ಮಾಡಿ ಎಂದರೆ, ಒಂದಾದರೂ ತಂಡ ಚನ್ನಪಟ್ಟಣಕ್ಕೆ ಹೊರಡುತ್ತದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್, ರೈಲಿದೆ, ಬಣ್ಣವಿದೆ, ಕರಕುಶಲ ಕಲೆ ಎಂಬ ಗೌರವವೂ ಇದೆ. ಈ ಸಲ ಹೊರಟ ನಾಲ್ವರು ವಿದ್ಯಾರ್ಥಿಗಳು ಮೊದಲು ಬರೆದುಕೊಂಡು ಬಂದ ಸ್ಕ್ರಿಪ್ಟ್ ಎಲ್ಲ ವರ್ಷದಂತೆಯೇ ಇತ್ತು. ಹೆದ್ದಾರಿಯ ಬದಿಯ ಗೊಂಬೆ ಅಂಗಡಿಗಳು, ಹಿನ್ನೆಲೆ ಧ್ವನಿಯಲ್ಲಿ ಟಿಪ್ಪು ಸುಲ್ತಾನ್ ಮತ್ತು ಪರ್ಷಿಯಾದ ಕುಶಲಕರ್ಮಿಗಳು, ಆಮೇಲೆ 2005–06ರ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ, ಕೊನೆಗೆ ಕೊಳಲಿನ ಜೊತೆ ‘ನಶಿಸುತ್ತಿರುವ ಕಲೆ’. ಇದರಲ್ಲಿ ಸುಳ್ಳೇನಿಲ್ಲ. ಆದರೆ ಇಷ್ಟನ್ನು ಬರೆಯಲು ಚನ್ನಪಟ್ಟಣಕ್ಕೆ ಹೋಗಬೇಕಾಗಿಯೂ ಇಲ್ಲ. ಕ್ಯಾಮೆರಾಕ್ಕೆ ಅಲ್ಲಿ ಕೆಲಸವೇ ಇಲ್ಲ.

ಹಾಗಾಗಿ ಸ್ಕ್ರಿಪ್ಟ್ ಬದಿಗಿಟ್ಟು ಒಂದೇ ಪ್ರಶ್ನೆ ಆರಿಸಿಕೊಳ್ಳಲು, ಅವರಿಗೆ ಪಾಠ ಹೇಳುವ ನಾನು ಹೇಳಿದ್ದಾಯಿತು. ಕ್ಯಾಮೆರಾ ಮತ್ತು ಮೈಕ್ ಎರಡೇ ಉತ್ತರಿಸಬಲ್ಲ ಪ್ರಶ್ನೆ ಅದಾಗಿರಬೇಕು. ಅರ್ಧ ದಿನ ಚರ್ಚೆ ಮಾಡಿ ತಂಡ ತಂದದ್ದು ಇದು: ಬ್ರಷ್ ಇಲ್ಲ, ಪೇಂಟ್ ಡಬ್ಬವಿಲ್ಲ, ಹಾಗಾದರೆ ಬುಗುರಿಗೆ ಬಣ್ಣ ಹೇಗೆ ಹತ್ತುತ್ತದೆ? ವಿದ್ಯಾರ್ಥಿ ಚಿತ್ರಗಳಲ್ಲಿ ಸೃಜನಶೀಲತೆ ಶುರುವಾಗುವುದು ಹೀಗೆ ಪ್ರಶ್ನೆ ಚಿಕ್ಕದಾದಾಗ. ವಿಷಯ ದೊಡ್ಡದಿದ್ದರೆ ಎಲ್ಲರೂ ಆಡಿದ ಮಾತನ್ನೇ ಆಡಬೇಕಾಗುತ್ತದೆ. ಬುಗುರಿಯಷ್ಟು ಚಿಕ್ಕದಾದರೆ ಪ್ರತಿ ಶಾಟ್‌ಗೂ ನಾವೇ ಕಾರಣ ಹುಡುಕಬೇಕು.

ಕೆಲಸ ನಡೆಯುವ ಕ್ರಮ ಸರಳ. ಆಲೆ ಮರದ ತುಂಡನ್ನು ಒಣಗಿಸಿ, ಬೇಕಾದ ಉದ್ದಕ್ಕೆ ಕತ್ತರಿಸಿ, ಮರವನ್ನು ಗಿರ್ರನೆ ತಿರುಗಿಸುವ ಲೇತ್ ಯಂತ್ರಕ್ಕೆ ಸಿಕ್ಕಿಸುತ್ತಾರೆ. ತಿರುಗುವ ಮರಕ್ಕೆ ಉಳಿ ಹಿಡಿದು ಆಕಾರ ಕೊಡುತ್ತಾರೆ, ಉಜ್ಜು ಕಾಗದ ಹಿಡಿದು ನುಣುಪು ಮಾಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಮೆತ್ತಗಾಗಿ ಮರಕ್ಕೆ ಹರಡುತ್ತದೆ. ಕೊನೆಗೆ ತಾಳೆ ಗರಿಯ ಚೂರನ್ನು ಅದೇ ಬಿಸಿಯಲ್ಲಿ ಒತ್ತಿ ಹಿಡಿದರೆ ಗೆರೆಗೆರೆಯಾಗಿ ಕೂತಿದ್ದ ಬಣ್ಣ ಸಮವಾಗಿ ಹೊಳಪು ಬರುತ್ತದೆ. ಅಂದರೆ ಬಣ್ಣ ಹಚ್ಚುವುದು ಬಿಸಿ, ಬಿಸಿ ಹುಟ್ಟಿಸುವುದು ವೇಗ. ಬಿಸಿಯಾಗಲಿ ವೇಗವಾಗಲಿ ಚಿತ್ರದಲ್ಲಿ ನೇರವಾಗಿ ಕಾಣುವುದಿಲ್ಲ, ಆದರೆ ಎರಡೂ ಕಿವಿಗೆ ಬೀಳುತ್ತವೆ.

ಚಿತ್ರೀಕರಣದ ದಿನ ಮೊದಲ ಅರ್ಧ ಗಂಟೆ ಯಾರೂ ಕ್ಯಾಮೆರಾ ತೆಗೆಯಬಾರದು ಎಂಬ ಕರಾರಿತ್ತು. ವಿದ್ಯಾರ್ಥಿಗಳು ಗೋಡೆಗೆ ಒರಗಿ ನಿಂತು ಲೇತ್ ಸದ್ದು ಕೇಳಿದರು. ತುಂಡು ಇನ್ನೂ ಗುಂಡಗಾಗಿರದಾಗ ಅದರ ಉಬ್ಬುಗಳು ಮಾತ್ರ ಉಳಿಗೆ ಬಡಿಯುತ್ತವೆ, ಹಾಗಾಗಿ ಟಕಟಕ ಎಂಬ ಬಿಡಿಬಿಡಿ ಸದ್ದು. ಉಬ್ಬು ಕರಗಿದಂತೆ ಟಕಟಕ ಹತ್ತಿರ ಹತ್ತಿರವಾಗಿ, ಒಂದು ಗಳಿಗೆಯಲ್ಲಿ ‘ಸ್ಸ್’ ಎಂದು ಒಂದೇ ಎಳೆಯಾಗುತ್ತದೆ. ಮರ ಗುಂಡಗಾಯಿತು ಎಂದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಈ ಒಂದು ಬದಲಾವಣೆ ಕಿವಿಗೆ ಸಿಕ್ಕಿದ ಮೇಲೆ ತಂಡದ ಮಾತಿನ ಧಾಟಿಯೇ ಬೇರೆಯಾಯಿತು. ಹಿನ್ನೆಲೆ ಧ್ವನಿ ಬೇಡ ಎಂದು ಅವರೇ ತೀರ್ಮಾನಿಸಿದರು.

ಆಮೇಲೆ ಬಂದದ್ದು ತಾಂತ್ರಿಕ ತೊಂದರೆಗಳು. ಫೋನಿನ ಆಟೋ ಮೋಡ್‌ನಲ್ಲಿ ತೆಗೆದ ಮೊದಲ ಶಾಟ್‌ಗಳಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿದಾಡುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಟ್ಯೂಬ್ ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಫೋನು ಸೆಕೆಂಡಿಗೆ 30 ಫ್ರೇಮ್, ಪ್ರತಿ ಫ್ರೇಮ್‌ಗೆ 1/60 ಸೆಕೆಂಡಿನ ಷಟರ್ ಹಿಡಿದುಕೊಂಡರೆ ಆ ಮಿನುಗಿನ ಲೆಕ್ಕ ತಾಳೆಯಾಗುವುದಿಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾದಂಥ ಉಚಿತ ಆ್ಯಪ್‌ನಲ್ಲಿ 25 ಫ್ರೇಮ್, 1/50 ಷಟರ್ ಇಟ್ಟು, ಬೆಳಕು, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣಗಳ ಹದ) ಮೂರನ್ನೂ ಲಾಕ್ ಮಾಡಿದರೆ ಪಟ್ಟಿ ಹೋಗುತ್ತದೆ. ವೈಟ್ ಬ್ಯಾಲೆನ್ಸ್ ಲಾಕ್ ಮಾಡುವುದು ಇಲ್ಲಿ ಮುಖ್ಯ. ಇಲ್ಲದಿದ್ದರೆ ಕೆಂಪು ಅರಗು ಚೌಕಟ್ಟಿನೊಳಗೆ ಬಂದ ಕೂಡಲೇ ಫೋನು ಅದನ್ನು ‘ಸರಿಪಡಿಸಲು’ ಹೋಗಿ ಮರವನ್ನೆಲ್ಲ ನೀಲಿ ಮಾಡಿಬಿಡುತ್ತದೆ.

ಬಾಗಿಲ ಬಳಿಯ ಲೇತ್ ಇನ್ನೊಂದು ಪಾಠ. ಅಲ್ಲಿ ಬಿಸಿಲು ಜೋರು, ಷಟರ್ ತಾನಾಗಿಯೇ 1/500 ದಾಟಿತ್ತು. ಬುಗುರಿಯ ಮೇಲಿನ ಹಳದಿ ಗೆರೆ ನಿಧಾನಕ್ಕೆ ಹಿಂದಕ್ಕೆ ತಿರುಗುವಂತೆ ಕಂಡಿತು. ತಿರುಗುವ ವೇಗ ಫ್ರೇಮ್ ವೇಗದ ಹತ್ತಿರ ಬಂದರೆ ಹೀಗಾಗುತ್ತದೆ. ಪ್ರತಿ ಫ್ರೇಮ್‌ನಲ್ಲೂ ಗೆರೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸಿಗುತ್ತದೆ, ಷಟರ್ ಚುರುಕಾದ್ದರಿಂದ ಮಸುಕೂ ಆಗುವುದಿಲ್ಲ. ಒಬ್ಬಳಿಗೆ ಇದು ಇಷ್ಟವಾಗಿ ‘ಕ್ರಿಯೇಟಿವ್ ಆಗಿದೆ, ಇಟ್ಟುಕೊಳ್ಳೋಣ’ ಎಂದಳು. ಉಳಿದವರು ಒಪ್ಪಲಿಲ್ಲ. ಚಿತ್ರದ ಮಾತೇ ವೇಗದಿಂದ ಬಿಸಿ, ಬಿಸಿಯಿಂದ ಬಣ್ಣ ಎಂದಿರುವಾಗ, ಮರ ನಿಂತಂತೆ ತೋರಿಸಿದರೆ ನೋಡುವವರಿಗೆ ಕಾರಣವೇ ತಪ್ಪಿಹೋಗುತ್ತದೆ. ನೆರಳಿಗೆ ಸರಿದು 1/50ರಲ್ಲಿ ಮತ್ತೆ ತೆಗೆದರು. ಚಂದದ ಶಾಟ್ ಒಂದನ್ನು ಹೀಗೆ ಕಾರಣ ಕೊಟ್ಟು ಬಿಟ್ಟದ್ದನ್ನು ನಾನು ಆ ದಿನದ ಅತ್ಯಂತ ಸೃಜನಶೀಲ ತೀರ್ಮಾನ ಎಂದೇ ಎಣಿಸುತ್ತೇನೆ.

ಸದ್ದಿಗೆ ಬೇರೆಯೇ ಫೋನು ಮೀಸಲು. ಏರ್‌ಪ್ಲೇನ್ ಮೋಡ್, 48 ಕಿಲೋಹರ್ಟ್ಸ್ ವೇವ್ ಫೈಲ್, ಮಟ್ಟ −12 ಡೆಸಿಬಲ್ ಆಸುಪಾಸು. ಅದನ್ನು ಲೇತ್ ಕೂತ ಹಲಗೆಯ ಮೇಲೆ ಇಡಬಾರದು, ಮೋಟಾರಿನ ನಡುಕ ಗುಡುಗಿನಂತೆ ದಾಖಲಾಗುತ್ತದೆ. ಮಡಚಿದ ಟವೆಲ್ ಮೇಲಿಟ್ಟು, ಉಳಿಯಿಂದ ಒಂದಡಿ ದೂರ, ಹೊಟ್ಟು ಹಾರುವ ದಿಕ್ಕು ಬಿಟ್ಟು ಪಕ್ಕಕ್ಕೆ. ಸದ್ದಿನ ಮಟ್ಟವನ್ನು ಫೋನೇ ಏರಿಳಿಸುವ ಆಟೋ ಗೇನ್ ಆಫ್ ಇರಲೇಬೇಕು. ಆನ್ ಇದ್ದರೆ ಲೇತ್ ನಿಂತ ಕೂಡಲೇ ಫೋನು ಹಿಂದಿನ ಫ್ಯಾನ್ ಸದ್ದನ್ನು ಎತ್ತಿ ತಂದು, ಆ ಮೌನವನ್ನೇ ಹಾಳುಮಾಡುತ್ತದೆ. ಕೆಲಸವೆಲ್ಲ ನಿಂತಾಗ ಕೋಣೆಯ ಬರಿ ಸದ್ದನ್ನು ಒಂದು ನಿಮಿಷ ತೆಗೆದಿಟ್ಟುಕೊಳ್ಳಬೇಕು, ಸಂಕಲನದಲ್ಲಿ ಮಾತನ್ನು ಕತ್ತರಿಸಿದ ಜಾಗಗಳನ್ನು ಮುಚ್ಚುವುದು ಅದೇ. ಇನ್ನೊಂದು ಮಾತು, ಇದು ಸದ್ದಿಗಿಂತ ದೊಡ್ಡದು: ತಿರುಗುವ ಲೇತ್ ಹತ್ತಿರ ದುಪಟ್ಟಾ, ಬಿಚ್ಚಿದ ಕೂದಲು, ಇಳಿಬಿದ್ದ ಮೈಕ್ ವೈರ್ ಯಾವುದೂ ಸುಳಿಯಬಾರದು.

ಲೇತ್‌ನಲ್ಲಿ ಕೆಲಸ ಮಾಡುವ ಯಜಮಾನರ ಮಾತನ್ನು ಮಧ್ಯಾಹ್ನದ ಊಟದ ಹೊತ್ತಿಗೆ ಇಟ್ಟುಕೊಂಡದ್ದು ಸದ್ದಿಗಾಗಿ ಮಾತ್ರವಲ್ಲ. ಅಲ್ಲಿ ದುಡ್ಡು ಪೀಸ್ ಲೆಕ್ಕದಲ್ಲಿ, ಲೇತ್ ನಿಲ್ಲಿಸಿ ಎಂದರೆ ಅವರ ದುಡಿಮೆ ನಿಲ್ಲಿಸಿ ಎಂದಂತೆ. ಕಾಲರ್ ಮೈಕನ್ನು ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿ, ‘ಹೇಗೆ ಮಾಡ್ತೀರಿ’ ಎಂದು ಕೇಳುವ ಬದಲು ‘ಅರಗು ಸಾಕು ಅಂತ ಕೈಗೆ ಹೇಗೆ ಗೊತ್ತಾಗುತ್ತೆ ಅಂಕಲ್’ ಎಂದು ಕೇಳಿದರು. ಮೊದಲನೆಯ ಪ್ರಶ್ನೆಗೆ ಅವರು ಬಂದವರಿಗೆಲ್ಲ ಕೊಡುವ ಉತ್ತರ ರೆಡಿ ಇರುತ್ತದೆ. ಎರಡನೆಯದಕ್ಕೆ ಅವರು ತಮ್ಮ ಹೆಬ್ಬೆರಳನ್ನೇ ಒಮ್ಮೆ ನೋಡಿಕೊಂಡು ಮಾತು ಶುರುಮಾಡಿದರು. ಆ ನೋಟ ಚಿತ್ರದಲ್ಲಿದೆ.

ಸಂಕಲನದ ಕೋಣೆಗೆ ಹೋಗುವ ಮುನ್ನ ಎರಡು ಕೆಲಸ. ಫೋನಿನ ವಿಡಿಯೊ ಫ್ರೇಮ್ ವೇಗ ಏರಿಳಿಯುತ್ತಿರುತ್ತದೆ, ಹಾಗೆಯೇ ಬಳಸಿದರೆ ಬೇರೆ ಫೋನಿನ ಸದ್ದು ಹೋಗಹೋಗುತ್ತ ತುಟಿಯಿಂದ ಜಾರುತ್ತದೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ವೇಗವನ್ನು ಸ್ಥಿರ ಎಂದು ಆರಿಸಿ ಪರಿವರ್ತಿಸಿಕೊಳ್ಳಬೇಕು. ಎರಡನೆಯದು ಕಾಗದದ ಸಂಕಲನ. ಮಾತನ್ನೆಲ್ಲ ಬರೆದು, ವಾಕ್ಯ ವಾಕ್ಯವಾಗಿ ಕತ್ತರಿಸಿ, ನೆಲದ ಮೇಲೆ ಹರವಿಕೊಂಡರು. ಮೊದಲ ಜೋಡಣೆಯಲ್ಲಿ ಐದು ನಿಮಿಷದಲ್ಲಿ ನಾಲ್ಕು ನಿಮಿಷ ಮಾತೇ. ಆಗ ಒಂದು ಜರಡಿ ಹಿಡಿದರು: ಕೈ ತೋರಿಸುತ್ತಿರುವುದನ್ನೇ ಬಾಯಿ ಹೇಳುತ್ತಿದ್ದರೆ ಆ ಚೀಟಿ ಹೊರಗೆ. ಕೊನೆಗೆ ಮಾತು ಎರಡು ನಿಮಿಷಕ್ಕೂ ಕಡಿಮೆಯಾಯಿತು.

ಆರಂಭಕ್ಕೆ ಕಪ್ಪು ಪರದೆ, ಬರಿ ಟಕಟಕ ಎಂಬ ಸಲಹೆ ಬಂತು. 20 ಸೆಕೆಂಡ್ ಇಟ್ಟು ಬೇರೆ ತರಗತಿಯವರಿಗೆ ತೋರಿಸಿದಾಗ ಇಬ್ಬರು ಫೋನು ಕೈಗೆ ತೆಗೆದುಕೊಂಡು ತಟ್ಟಿದರು, ವಿಡಿಯೊ ನಿಂತುಹೋಗಿದೆ ಎಂದುಕೊಂಡು. ಆರು ಸೆಕೆಂಡಿಗೆ ಇಳಿಸಿ, ಟಕಟಕ ಒಂದೇ ಎಳೆಯಾಗುವ ಕ್ಷಣಕ್ಕೇ ಮೊದಲ ಚಿತ್ರ ಬರುವಂತೆ ಕೂರಿಸಿದರು.

ಪ್ರಾಜೆಕ್ಟ್ ಜೊತೆ ಕೊಡಬೇಕಾದ ಟಿಪ್ಪಣಿಗೆ ಈ ತರಹದ ಪ್ರಸಂಗಗಳೇ ಬೇಕು. ‘ನಾವು ಸೃಜನಶೀಲವಾಗಿ ಸಂಕಲನ ಮಾಡಿದೆವು’ ಎಂಬ ವಾಕ್ಯದಿಂದ ಓದುವವರಿಗೆ ಏನೂ ಸಿಗುವುದಿಲ್ಲ. ಯಾವ ಸೆಕೆಂಡಿನಲ್ಲಿ ಏನಿತ್ತು, ಮುಂದೆ ಯಾವ ಎರಡು ಮೂರು ದಾರಿಗಳಿದ್ದವು, ಯಾವುದನ್ನು ಯಾಕೆ ಬಿಟ್ಟಿರಿ, ತೋರಿಸಿದಾಗ ಏನಾಯಿತು ಎಂದು ಬರೆಯಬೇಕು, ಅದೂ ಅದೇ ದಿನ ಸಂಜೆ. ವಾರ ಕಳೆದು ಬರೆದರೆ ಆಕಸ್ಮಿಕವಾಗಿ ಆದದ್ದೂ ಮೊದಲೇ ಯೋಚಿಸಿದ್ದರಂತೆ ಬರೆದುಬಿಡುತ್ತಾರೆ. ಬೇಕೆಂದೇ ಸುಳ್ಳು ಹೇಳುತ್ತಾರೆ ಎಂದಲ್ಲ, ನೆನಪೇ ಹಾಗೆ ಕೂಡಿಸಿಕೊಳ್ಳುತ್ತದೆ.

ಸಲ್ಲಿಸುವ ಮುನ್ನ ಕರಡು ಪ್ರತಿಯನ್ನು ಯಜಮಾನರಿಗೆ ತೋರಿಸಲು ಕಳಿಸಿದೆ. ಎಲ್ಲ ತಂಡಗಳೂ ಇದನ್ನು ಮಾಡಲೇಬೇಕು ಎಂಬುದು ನನ್ನ ಹಟ. ಅವರು ಆರಂಭದ ಕಪ್ಪು ಪರದೆಯಲ್ಲೇ ಕೈ ಎತ್ತಿ ನಿಲ್ಲಿಸಿದರು. “ಇದು ಮೊಂಡು ಉಳಿ ಕೂಗೋ ಸದ್ದು ಕಣಪ್ಪ. ಮಸೆದ ಉಳಿ ಹಿಂಗೆ ಕೂಗಲ್ಲ. ಇದನ್ನ ಮುಂದೆ ಹಾಕಿದ್ರೆ ನೋಡಿದೋರು ನನ್ನ ಕೆಲಸಾನೇ ಹಿಂಗೆ ಅಂತಾರೆ.” ತಂಡ ಆ ತುಣುಕನ್ನು ಆರಿಸಿದ್ದೇ ಅದು ಎಲ್ಲಕ್ಕಿಂತ ಜೋರಾಗಿ, ಕಿವಿಗೆ ಹಿಡಿಯುವಂತಿದೆ ಎಂದು. ಮೊಂಡಾದ ಉಳಿ ಮರವನ್ನು ಕೊಯ್ಯುವ ಬದಲು ಉಜ್ಜುತ್ತದೆ, ಕಿರುಚು ಅದರಿಂದ.

ಅಂದೇ ಮಸೆದ ಉಳಿಯ ಸದ್ದನ್ನು ಮತ್ತೆ ತೆಗೆದುಕೊಂಡು ಬಂದರು. ಅದು ಮೆತ್ತಗಿನ ಸದ್ದು. ಏರಿಸಿದರೆ ಮೋಟಾರಿನ ಗುಂಯ್‌ಗುಡುವಿಕೆಯೂ ಜೊತೆಗೇ ಏರುತ್ತದೆ, ಅದಕ್ಕೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು ಇಳಿಸಿ, ಮುಂದಿನ ಸದ್ದುಗಳನ್ನೆಲ್ಲ ಒಂದು ಹಂತ ತಗ್ಗಿಸಬೇಕಾಯಿತು. ಮೆತ್ತಗಿನ ಸದ್ದು ಕಿವಿಗೆ ಕೂರಲು ಹೊತ್ತು ಹಿಡಿಯುತ್ತದೆ ಎಂದು ಕಪ್ಪು ಪರದೆ ಆರರಿಂದ ಎಂಟು ಸೆಕೆಂಡಿಗೆ ಹೋಯಿತು. ಟಿಪ್ಪಣಿಯಲ್ಲಿ ಈ ಒಂದು ಬದಲಾವಣೆಗೆ ಒಂದೂವರೆ ಪುಟವಾಗಿದೆ. ಯಜಮಾನರಿಗೆ ಕೊಡುವ ಪ್ರತಿಯನ್ನು 1080ರ ಎಂಪಿ4 ಮಾಡಿ, ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ ಹಾಕಿಕೊಟ್ಟರು, ಹಳೆಯ ಟಿವಿಗಳು ಬೇರೆಯದನ್ನು ಎಷ್ಟೋ ಸಲ ಓದುವುದಿಲ್ಲ.