ಪರರ ಮನೆಯ ಫ್ರಿಜ್ಜು

ಅಲ್ಬುಕರ್ಕಿಯಿಂದ ಸಾಂಟಾ ಫೇಗೆ ಹೋಗುವ ರೈಲಿಗೆ ರೈಲ್ ರನ್ನರ್ ಎಂದು ಹೆಸರು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ರಾಜ್ಯಪಕ್ಷಿ ರೋಡ್‌ರನ್ನರ್; ರೆಕ್ಕೆಗಿಂತ ಕಾಲನ್ನೇ ಹೆಚ್ಚು ನಂಬಿಕೊಂಡ ಹಕ್ಕಿ. ಬೋಗಿಯ ಮೇಲೆ ಅದರದೇ ಚಿತ್ರ, ಬಾಗಿಲು ಮುಚ್ಚುವಾಗ ‘ಮೀಪ್ ಮೀಪ್’ ಎಂದು ಅದೇ ಹೆಸರಿನ ಕಾರ್ಟೂನು ಹಕ್ಕಿಯ ಸದ್ದು. ತಂಗಿಯ ಹತ್ತು ವರ್ಷದ ಮಗ ಪ್ರತಿ ನಿಲ್ದಾಣದಲ್ಲೂ ಆ ಸದ್ದಿಗೆ ದನಿಗೂಡಿಸಿದ. ತಂಗಿ ಎರಡು ನಿಲ್ದಾಣಗಳವರೆಗೆ ಗದರಿದಳು, ಆಮೇಲೆ ಕೈಬಿಟ್ಟಳು. ನಾನು ಸಂಜೆ ಅವಳ ಮನೆಗೆ ಮರಳುವಾಗ ಕೊಳ್ಳಬೇಕಾದ ಸಾಮಾನಿನ ಪಟ್ಟಿ ಬರೆಯುತ್ತಿದ್ದೆ. ಮೆಂತ್ಯ, ಹುಣಸೆಹಣ್ಣು, ಇಂಗು. ಬರೆದ ಚೀಟಿಯನ್ನು ಮಡಚಿ ಓದುವ ಕನ್ನಡಕದ ಡಬ್ಬಿಯೊಳಗೆ ಇಟ್ಟೆ. ಎಲ್ಲಿಟ್ಟರೂ ಮರೆಯುವ ನಾನು ಅಲ್ಲಿಟ್ಟರೆ ಮರೆಯುವುದಿಲ್ಲ ಎಂಬ ನಂಬಿಕೆ.

ದಾರಿಯ ನಡುವೆ ರೈಲು ಪ್ವೆಬ್ಲೋ ಜನರ ನೆಲವನ್ನು ಹಾಯುತ್ತದೆ. ಸಾಂಡಿಯಾ, ಸಾನ್ ಫೆಲಿಪೆ, ಕೇವಾ: ಯುರೋಪಿನವರು ಬರುವ ಎಷ್ಟೋ ಮೊದಲಿನಿಂದ ರಿಯೋ ಗ್ರಾಂಡೆ ನದಿಯ ದಂಡೆಯಲ್ಲಿ ಬದುಕುತ್ತ ಬಂದ ಸಮುದಾಯಗಳು. ಅಲ್ಲಿ ಹಾದುಹೋಗುವಾಗ ದಯವಿಟ್ಟು ಛಾಯಾಚಿತ್ರ ತೆಗೆಯಬೇಡಿ ಎಂದು ರೈಲಿನಲ್ಲಿ ಕೋರಿಕೆ ಕೇಳಿಬಂತು. ಎದುರಿನ ಸಾಲಿನವನು ಎತ್ತಿದ್ದ ಮೊಬೈಲನ್ನು ಮೆಲ್ಲಗೆ ತೊಡೆಯ ಮೇಲೆ ಬೋರಲು ಹಾಕಿದ. ಮಣ್ಣಿನ ಮನೆಗಳು, ಅಂಗಳದಲ್ಲಿ ಜೇನುಗೂಡಿನಂಥ ದುಂಡು ಒಲೆಗಳು, ಹಳದಿಗೆ ತಿರುಗಿದ ಕಾಟನ್‌ವುಡ್ ಮರಗಳು. ನೋಡಬಹುದು, ಕೊಂಡೊಯ್ಯಬಾರದು. ನನಗೆ ಆ ಕಟ್ಟಳೆ ಹಿಡಿಸಿತು. ಊರವರ ಹಿತ್ತಿಲು ಪ್ರವಾಸಿಗರ ಆಲ್ಬಮ್ಮಿಗೆ ಸೇರಬೇಕೆಂದು ಯಾವ ಶಾಸ್ತ್ರದಲ್ಲಿದೆ?

ಸಾಂಟಾ ಫೇ ಸುಮಾರು 7,000 ಅಡಿ ಎತ್ತರದಲ್ಲಿದೆ. ಅಮೆರಿಕದ ರಾಜ್ಯ ರಾಜಧಾನಿಗಳಲ್ಲೇ ಅತ್ಯಂತ ಎತ್ತರದ್ದು. ನಿಲ್ದಾಣದಿಂದ ಊರ ನಡುವಿನ ಚೌಕವಾದ ಪ್ಲಾಜಾಕ್ಕೆ ನಡೆಯುವಷ್ಟರಲ್ಲಿ ನನಗೆ ಏದುಸಿರು ಬಂದಿತ್ತು. ವಯಸ್ಸಿನ ತಪ್ಪನ್ನು ಎತ್ತರದ ಮೇಲೆ ಹಾಕಿ ಬೆಂಚಿನಲ್ಲಿ ಕುಳಿತೆ. ಊರೆಲ್ಲ ಒಂದೇ ಬಣ್ಣ. ಗೋಧಿ ರೊಟ್ಟಿಯಿಂದ ಹಿಡಿದು ಸುಟ್ಟ ಇಟ್ಟಿಗೆಯವರೆಗೆ ಕಂದಿನ ಎಷ್ಟು ಛಾಯೆಗಳಿವೆಯೋ ಅಷ್ಟೂ ಇಲ್ಲಿವೆ, ಅದರಾಚೆ ಏನೂ ಇಲ್ಲ. ಮೂಲೆಗಳನ್ನು ಅಂಗೈಯಲ್ಲಿ ಸವರಿ ದುಂಡಾಗಿಸಿದಂಥ ಗೋಡೆಗಳು, ಹೊರಗೆ ಚಾಚಿದ ಮರದ ತೊಲೆಗಳು. ಇದು ತಾನಾಗಿ ಬಂದ ಒಮ್ಮತವಲ್ಲ. ಹಳೆಯ ಊರಿನಲ್ಲಿ ಕಟ್ಟಡ ಹೀಗೆಯೇ ಕಾಣಬೇಕು ಎಂದು 1957ರಲ್ಲಿ ಕಾನೂನೇ ಆಗಿದೆ. ಕೆಲವು ಗೋಡೆ ನಿಜಕ್ಕೂ ಮಣ್ಣಿನದು, ಹಲವು ಸಿಮೆಂಟಿನ ಮೇಲೆ ಮಣ್ಣಿನ ವೇಷ.

1610ರ ಸುಮಾರಿಗೆ ಸ್ಪೇನಿನವರು ಕಟ್ಟತೊಡಗಿದ ಗವರ್ನರುಗಳ ಅರಮನೆ ಪ್ಲಾಜಾದ ಒಂದು ಬದಿಯಲ್ಲಿದೆ. ಅರಮನೆ ಎಂದರೆ ಗೋಪುರ, ಕಮಾನು ಹುಡುಕಬಾರದು. ಉದ್ದನೆಯ ಒಂದಂತಸ್ತಿನ ಮನೆ, ಮುಂದೊಂದು ಜಗಲಿ. ಆ ಜಗಲಿಯಲ್ಲಿ ಮೂಲನಿವಾಸಿ ಕುಶಲಕರ್ಮಿಗಳು ಕಂಬಳಿ ಹಾಸಿ ಬೆಳ್ಳಿ ಮತ್ತು ಟರ್ಕಾಯ್ಸ್ ಎಂಬ ನೀಲಿಗಲ್ಲಿನ ಒಡವೆಗಳನ್ನು ಜೋಡಿಸಿದ್ದರು. ತಾವು ಅಥವಾ ತಮ್ಮ ಮನೆಯವರು ಮಾಡಿದ್ದನ್ನಷ್ಟೇ ಇಲ್ಲಿ ಮಾರಬಹುದು. ಒಂದು ಬಳೆಯನ್ನು ಎತ್ತಿಕೊಳ್ಳುವ ಮುಂಚೆ ನಾನು ಮಾರುತ್ತಿದ್ದ ಹೆಂಗಸಿನ ಮುಖ ನೋಡಿದೆ. ಆಕೆ ತಲೆಯಾಡಿಸಿದ ಮೇಲೆ ಮುಟ್ಟಿದೆ. ಬೆಲೆ ಕೇಳಿದ ಮೇಲೆ ಇಟ್ಟುಬಿಟ್ಟೆ.

ಊಟದ ಬಗ್ಗೆ ಒಂದೇ ಮಾತು. ‘ಕೆಂಪೋ ಹಸಿರೋ’ ಎಂಬುದು ನ್ಯೂ ಮೆಕ್ಸಿಕೋದ ಅಧಿಕೃತ ರಾಜ್ಯಪ್ರಶ್ನೆ. ಯಾವ ಮೆಣಸಿನಕಾಯಿಯ ಸಾರು ಬೇಕೆಂದು ಅರ್ಥ. ಎರಡೂ ಬೇಕಾದವರು ‘ಕ್ರಿಸ್‌ಮಸ್’ ಎನ್ನಬೇಕು. ನಾವು ಮೂವರೂ ಕ್ರಿಸ್‌ಮಸ್ ತಿಂದು, ಕಣ್ಣು ಮೂಗು ಒರೆಸಿಕೊಂಡು, ಹುಡುಗ ಬೆಳಿಗ್ಗೆಯಿಂದ ಪೀಡಿಸುತ್ತಿದ್ದ ಜಾಗಕ್ಕೆ ಹೊರಟೆವು.

ಆ ಜಾಗದ ಹೆಸರು ಮಿಯಾವ್ ವುಲ್ಫ್. ಬೆಕ್ಕಿನ ಕೂಗಿಗೆ ತೋಳವನ್ನು ಗಂಟು ಹಾಕಿದ ಈ ಹೆಸರಿಗೆ ಅರ್ಥ ಹುಡುಕಿ ಪ್ರಯೋಜನವಿಲ್ಲ. 2008ರಲ್ಲಿ ಗುಂಪು ಕಟ್ಟಿದ ಯುವ ಕಲಾವಿದರು ಚೀಟಿಗಳಲ್ಲಿ ಪದಗಳನ್ನು ಬರೆದು ಟೋಪಿಯಲ್ಲಿ ಹಾಕಿ ಎರಡನ್ನು ಎತ್ತಿದರು, ಬಂದದ್ದು ಇವೆರಡು. ಕಂದು ಊರಿನ ಗಂಭೀರ ಗ್ಯಾಲರಿಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಊರವರು ಎಸೆದ ಸಾಮಾನು ಹೆಕ್ಕಿ ತಂದು ಕೋಣೆ ತುಂಬ ಏನೇನೋ ಕಟ್ಟುತ್ತಿದ್ದರು. 2011ರಲ್ಲಿ ಜನ ಹತ್ತಿ ಓಡಾಡಬಹುದಾದ ಹಡಗೊಂದನ್ನೇ ಕಟ್ಟಿ ನಿಲ್ಲಿಸಿದರು. ಇದೇ ಊರಿನಲ್ಲಿ ನೆಲೆಸಿರುವ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ಚೆಂಡು ಉರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟದ, ಮುಚ್ಚಿಹೋಗಿದ್ದ ಒಂದು ಕಟ್ಟಡವನ್ನು ಕೊಂಡು ಇವರಿಗೆ ಬಾಡಿಗೆಗೆ ಕೊಟ್ಟರು. 2016ರ ಮಾರ್ಚಿನಲ್ಲಿ ಅದರೊಳಗೆ ‘ಹೌಸ್ ಆಫ್ ಎಟರ್ನಲ್ ರಿಟರ್ನ್’ ಬಾಗಿಲು ತೆರೆಯಿತು. 20,000 ಚದರ ಅಡಿ, 70ಕ್ಕೂ ಹೆಚ್ಚು ಕೋಣೆಗಳು, ನೂರಕ್ಕೂ ಹೆಚ್ಚು ಕಲಾವಿದರ ಕೈಕೆಲಸ. ಈಗ ಲಾಸ್ ವೇಗಸ್, ಡೆನ್ವರ್‌ಗಳಲ್ಲೂ ಇವರ ದೊಡ್ಡ ದೊಡ್ಡ ಲೋಕಗಳಿವೆ. ಆದರೆ ಬೇರು ಇಲ್ಲಿಯದು, ಮೋಟಾರು ರಿಪೇರಿ ಅಂಗಡಿಗಳೂ ಗೋದಾಮುಗಳೂ ಇರುವ ಪ್ಲಾಜಾದಿಂದ ದೂರದ ಈ ಬೀದಿಯದು. ಅಂಗಳದಲ್ಲಿ ಮನೆಯೆತ್ತರದ ಲೋಹದ ರೋಬೊ ಕೈಯಲ್ಲಿ ಒಂದು ಹೂ ಹಿಡಿದು ನಿಂತಿತ್ತು. ಪ್ಲಾಜಾದ ಕಾನೂನು ಇಲ್ಲಿಗೆ ತಲುಪಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಒಳಗೆ ಹೋದರೆ ರಾತ್ರಿ. ಹೊರಗೆ ಎರಡು ಗಂಟೆಯ ಬಿಸಿಲು. ಒಳಗೆ ಇಡೀ ಎರಡಂತಸ್ತಿನ ವಿಕ್ಟೋರಿಯನ್ ಮನೆ, ಕಟ್ಟಡದ ಹೊಟ್ಟೆಯೊಳಗೆ, ವರಾಂಡದ ದೀಪ ಹೊತ್ತಿಸಿಕೊಂಡು ಕಾಯುತ್ತಿತ್ತು. ಕ್ಯಾಲಿಫೋರ್ನಿಯಾದ ಮೆಂಡೊಸಿನೋದಲ್ಲಿದ್ದ ಸೆಲಿಗ್ ಎಂಬ ಕುಟುಂಬದ ಮನೆಯಂತೆ. ಒಂದು ರಾತ್ರಿ ಅಲ್ಲಿ ಏನೋ ನಡೆದು ಕಾಲ, ದೇಶಗಳ ಹೊಲಿಗೆ ಬಿಚ್ಚಿಹೋಗಿದೆ, ಮನೆಯವರು ಕಾಣೆಯಾಗಿದ್ದಾರೆ. ಇಷ್ಟು ತಿಳಿಯುವುದೂ ನಿಮ್ಮ ಜವಾಬ್ದಾರಿಯೇ. ಗೋಡೆಯ ಮೇಲೆ ವಿವರಣೆಯ ಫಲಕವಿಲ್ಲ, ಬಾಣದ ಗುರುತಿಲ್ಲ, ಹೀಗೆ ಹೋಗಿ ಎನ್ನುವವರಿಲ್ಲ.

ಹುಡುಗ ಸೀದಾ ಅಂಚೆಪೆಟ್ಟಿಗೆಗೆ ಕೈ ಹಾಕಿದ. ನಾನು ‘ಹೇ’ ಎಂದು ಕೂಗಿಯೇಬಿಟ್ಟೆ.

ಆ ಕೂಗು ನನ್ನದಲ್ಲ, ಅಜ್ಜಿಯದು. ಪರರ ಕಾಗದ ಓದಿದರೆ ಕಣ್ಣು ಹೋಗುತ್ತದೆ ಎಂದು ಹೆದರಿಸಿ ಬೆಳೆಸಿದವಳು ಅವಳು. ಇನ್ಲೆಂಡ್ ಪತ್ರದ ಮಡಿಕೆಯನ್ನು ಬೆಳಕಿಗೆ ಹಿಡಿದು ಒಳಗಿನ ಸಾಲು ಓದಲು ಯತ್ನಿಸಿದ್ದಕ್ಕೆ ನನಗೂ ತಂಗಿಗೂ ಬಿದ್ದ ಏಟಿನ ಲೆಕ್ಕ ಇಬ್ಬರಿಗೂ ನೆನಪಿದೆ. ನೆಂಟರ ಮನೆಗೆ ಹೋದರೆ ಕುಳಿತಲ್ಲೇ ಕುಳಿತಿರಬೇಕು, ಮಂಚದ ಕೆಳಗೆ ನೋಡಬಾರದು, ಕಪಾಟಿನ ಹತ್ತಿರ ಸುಳಿಯಬಾರದು. ಈಗ ಐವತ್ತೆಂಟರ ಪ್ರಾಯದಲ್ಲಿ ಟಿಕೆಟು ಕೊಂಡು ಅದನ್ನೆಲ್ಲ ಮಾಡಲು ಬಂದಿದ್ದೇನೆ. ತಂಗಿ ಆಗಲೇ ಒಂದು ಡ್ರಾಯರು ಎಳೆದಿದ್ದಳು.

ಮೊದಲ ಹತ್ತು ನಿಮಿಷ ನಾನು ನೆಂಟಳಂತೆ ಕೈ ಕಟ್ಟಿಕೊಂಡು ನಡೆದೆ. ಗೋಡೆಯಲ್ಲಿ ಕುಟುಂಬದ ಫೋಟೊ, ಊಟದ ಮನೆ, ಮಕ್ಕಳ ಕೋಣೆ, ಹಾಸಿಗೆ. ಎಲ್ಲವೂ ಯಾರೋ ಈಗಷ್ಟೇ ಎದ್ದುಹೋದಂತೆ. ಓದುಕೋಣೆಗೆ ಬಂದಾಗ ಮೇಜಿನ ಮೇಲಿನ ಕಾಗದಗಳು ಕರೆದವು. ಸುತ್ತ ನೋಡಿದೆ. ಕನ್ನಡಕ ತೆಗೆದು ಹಾಕಿಕೊಂಡೆ, ಡಬ್ಬಿಯನ್ನು ಮೇಜಿನ ಮೇಲಿಟ್ಟೆ, ಕುಳಿತೆ, ಓದಿದೆ. ಏನು ಓದಿದೆ ಎಂದು ಇಲ್ಲಿ ಹೇಳಿದರೆ ಮುಂದೆ ಹೋಗುವವರ ಹೊಟ್ಟೆಯ ಮೇಲೆ ಹೊಡೆದಂತೆ. ಒಂದು ಕಾಗದದಿಂದ ಇನ್ನೊಂದಕ್ಕೆ ಎಳೆ ಸಿಕ್ಕಿದಾಗ ಎದೆ ಹೊಡೆದುಕೊಂಡದ್ದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ. ಇಲ್ಲದ ಜನ, ಕಟ್ಟಿದ ಕಥೆ ಎಂದು ತಲೆಗೆ ಗೊತ್ತು. ಬೆರಳಿಗೆ ಗೊತ್ತಿರಲಿಲ್ಲ, ಪುಟ ತಿರುಗಿಸುವಾಗ ಅದು ಕಳ್ಳನ ಬೆರಳಿನಂತೆಯೇ ನಡುಗಿತು.

‘ದೊಡ್ಡಮ್ಮಾ, ಬೇಗ ಬಾ!’ ಅಡುಗೆಮನೆಯಿಂದ ಕೂಗು. ಕನ್ನಡಕ ಕಳಚಿಟ್ಟು ಓಡಿದೆ.

ಹುಡುಗ ಫ್ರಿಜ್ಜಿನ ಬಾಗಿಲು ತೆರೆದು ನಿಂತಿದ್ದ. ಒಳಗೆ ಹಾಲಿಲ್ಲ, ಮೊಸರಿಲ್ಲ. ಬೆಳ್ಳನೆಯ ಬೆಳಕಿನ ಓಣಿಯೊಂದು ಒಳಕ್ಕೆ ಹೋಗಿತ್ತು. ನೆಂಟರ ಮನೆಯಲ್ಲಿ ಫ್ರಿಜ್ಜು ತೆರೆಯುವುದೇ ಅಪರಾಧ, ಅದರೊಳಕ್ಕೆ ಹೊಕ್ಕುವುದಕ್ಕೆ ಅಜ್ಜಿಯ ಸಂಹಿತೆಯಲ್ಲಿ ಶಿಕ್ಷೆಯೇ ಇರಲಿಲ್ಲ. ತಲೆ ಬಗ್ಗಿಸಿ ಹೊಕ್ಕೆ.

ಅಲ್ಲಿಂದಾಚೆ ಊರಿನ ಕಂದುಬಣ್ಣಕ್ಕೆ ಯಾರೋ ಸೇಡು ತೀರಿಸಿಕೊಂಡಿದ್ದಾರೆ. ಹೊಳೆಯುವ ಮರಗಳ ಕಾಡು, ಕೊಂಬೆಗಳ ನಡುವೆ ಏರಿ ಇಳಿಯುವ ಅಟ್ಟಣೆಗಳು, ತಟ್ಟಿದರೆ ನಾದ ಕೊಡುವ ಅಣಬೆಗಳು. ಒಂದು ಕೋಣೆಯಲ್ಲಿ ಎಲ್ಲವೂ ಬಿಳಿಯ ಮೇಲೆ ಕಪ್ಪು ಗೆರೆ. ಹಾಳೆಯಲ್ಲಿ ಗೀಚಿದ ವ್ಯಂಗ್ಯಚಿತ್ರದೊಳಗೆ ಕಾಲಿಟ್ಟಂತೆ, ನಮ್ಮ ಬಣ್ಣದ ಬಟ್ಟೆಯೇ ಅಲ್ಲಿ ಅಸಭ್ಯವಾಗಿ ಕಾಣುತ್ತಿತ್ತು. ಇನ್ನು ಕೆಲವು ಕೋಣೆಗಳು ನನಗೆ ಒಗ್ಗಲಿಲ್ಲ. ಮಿನುಗು, ಮತ್ತೆ ಮಿನುಗು, ಅದರ ಮೇಲೆ ಇನ್ನಷ್ಟು. ಜಾತ್ರೆಯಲ್ಲಿ ಮೂರು ಧ್ವನಿವರ್ಧಕಗಳು ಒಟ್ಟಿಗೆ ಹಾಡಿದ ಹಾಗೆ. ಅಲ್ಲಿ ನಿಲ್ಲದೆ ಮುಂದೆ ಹೋದೆ.

ಮಂಜು ತುಂಬಿದ ಕತ್ತಲ ಕೋಣೆಯೊಂದರಲ್ಲಿ ಬಹಳ ಹೊತ್ತು ನಿಂತೆ. ನೆಲದಿಂದ ಚಾವಣಿಯವರೆಗೆ ಬೆಳಕಿನ ತಂತಿಗಳು. ಕೈ ಅಡ್ಡ ಹಿಡಿದರೆ ಸ್ವರ ಹೊರಡುತ್ತದೆ. ಯುಕ್ತಿ ಸರಳ. ಲೇಸರ್ ಕಿರಣ ಒಂದು ಸಂವೇದಕದ ಮೇಲೆ ಬೀಳುತ್ತಿರುತ್ತದೆ, ಕೈ ಅದನ್ನು ತಡೆದಾಗ ಯಂತ್ರ ಸ್ವರ ನುಡಿಸುತ್ತದೆ. ಮಂಜಿಲ್ಲದಿದ್ದರೆ ಕಿರಣ ಕಾಣುವುದೇ ಇಲ್ಲ; ಹನಿಗಳಿಗೆ ತಾಗಿ ಚದುರಿದಾಗಲಷ್ಟೇ ಬೆಳಕಿಗೆ ಮೈ ಬರುತ್ತದೆ. ತಿಳಿದ ಮೇಲೂ ಬೆರಗು ಕಡಿಮೆಯಾಗಲಿಲ್ಲ. ಹಿಡಿಯಲು ತಂತಿಯೇ ಇಲ್ಲದ ವೀಣೆಯನ್ನು ಮೀಟುವಾಗ ಕೈಗೆ ಒಂದು ಬಗೆಯ ನಾಚಿಕೆಯಾಗುತ್ತದೆ.

ಅಗ್ಗಿಷ್ಟಿಕೆಯೊಳಗೆ ತೆವಳಿ ಹೋಗುವ ದಾರಿಯಲ್ಲಿ ನನ್ನ ಮಂಡಿಗಳೆರಡೂ ಪ್ರತಿಭಟಿಸಿದವು, ಹಣೆ ಒಮ್ಮೆ ಕಲ್ಲಿಗೆ ತಾಗಿತು. ಆಚೆ ಗುಹೆ, ಗುಹೆಯಲ್ಲಿ ಹೊಳೆಯುವ ಪುರಾತನ ಆನೆಯೊಂದರ ಅಸ್ಥಿಪಂಜರ. ಪಕ್ಕೆಲುಬು ತಟ್ಟಿದರೆ ಜಲತರಂಗದಂಥ ನಾದ. ಬಾಲದ ಕಡೆ ಊರುಗೋಲಿನ ಅಜ್ಜಿಯೊಬ್ಬರು ಆಗಲೇ ತಟ್ಟುತ್ತಿದ್ದರು. ಅವರು ಇಲ್ಲಿಗೆ ಹೇಗೆ ತೆವಳಿ ಬಂದರು ಎಂದು ನಾನು ಅಚ್ಚರಿಪಡುತ್ತಿರುವಾಗ, ಪಕ್ಕದಲ್ಲಿ ನಡೆದು ಬರುವ ದಾರಿಯೂ ಇದೆ ಎಂದು ಕೋಲಿನಿಂದ ತೋರಿಸಿದರು. ಇಬ್ಬರೂ ನಕ್ಕೆವು. ನಾನು ತಲೆಯ ಕಡೆ ನಿಂತು ಮೋಹನದ ಆರೋಹಣ ಹುಡುಕಿದೆ. ಗಾಂಧಾರದವರೆಗೆ ಸಿಕ್ಕಿತು, ಮುಂದಿನ ಎಲುಬು ಬೇರೆಯೇ ರಾಗದ್ದು. ಅವರು ತಮ್ಮ ಕಡೆಯಿಂದ ತಾಳ ಕೊಡುತ್ತಲೇ ಇದ್ದರು. ಹೆಸರು ಕೇಳಲಿಲ್ಲ, ಅವರೂ ಕೇಳಲಿಲ್ಲ.

ಅಷ್ಟರಲ್ಲಿ ತಂಗಿಯೂ ಹುಡುಗನೂ ತಪ್ಪಿಹೋಗಿದ್ದರು. ಬಟ್ಟೆ ಒಣಗಿಸುವ ಯಂತ್ರದೊಳಗಿನ ಜಾರುಬಂಡೆಯಲ್ಲಿ ಇಳಿದು ಎಲ್ಲೋ ಹೋದರೆಂದು ಆಮೇಲೆ ಗೊತ್ತಾಯಿತು. ನಾನು ಹುಡುಕುತ್ತ ಬಿಳಿಯ ಓಣಿಗೆ ಬಂದೆ, ಕೊನೆಯ ಬಾಗಿಲಿಗೆ ಕೈ ಚಾಚಿದೆ. ಅದೇ ಕ್ಷಣ ಅದು ಆಚೆಯಿಂದ ತೆರೆಯಿತು. ಎದುರಿಗೆ ನಾಲ್ಕು ವರ್ಷದ ಹುಡುಗಿ, ಕೈಯಲ್ಲಿ ಫ್ರಿಜ್ಜಿನ ಹಿಡಿ. ಒಳಗೆ ನಾನು: ನರೆತ ತಲೆ, ಹಣೆಯಲ್ಲಿ ಕುಂಕುಮ, ಅದರ ಪಕ್ಕ ಊದಿದ ಗಂಟು. ಅವಳು ಕಿರುಚಲಿಲ್ಲ. ಬಾಗಿಲನ್ನು ಮೆಲ್ಲಗೆ ಮುಚ್ಚಿದಳು. ‘ಅಮ್ಮಾ, ಫ್ರಿಜ್ಜಿನಲ್ಲಿ ಒಬ್ಬ ಅಜ್ಜಿ ಇದ್ದಾಳೆ’ ಎಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿದ್ದು ಕೇಳಿಸಿತು. ಎರಡು ಗಂಟೆಗಳಿಂದ ಈ ಮನೆಯನ್ನು ಕೆದಕುತ್ತಿದ್ದವಳು ಈಗ ಕೆದಕಿದವರಿಗೆ ಸಿಕ್ಕ ವಸ್ತುವಾಗಿದ್ದೆ. ತೆರೆಯುವುದೋ, ಇನ್ನಷ್ಟು ಹೊತ್ತು ಅಲ್ಲೇ ಇದ್ದು ಅವಳ ಕಥೆಗೆ ಬಲ ಕೊಡುವುದೋ ಎಂದು ಯೋಚಿಸಿ, ಅಲ್ಲೇ ಉಳಿದೆ. ಅವಳಮ್ಮನನ್ನು ಕರೆತಂದು ತೆರೆದಾಗ ಕೈಮುಗಿದೆ.

ಸಂಜೆಯ ರೈಲಿನಲ್ಲಿ ಹುಡುಗ ತನ್ನ ಪುಸ್ತಕದಲ್ಲಿ ಸುಳಿವುಗಳನ್ನು ಬರೆಯುತ್ತಿದ್ದ. ಮನೆಯವರು ಎಲ್ಲಿ ಹೋದರೆಂಬ ಬಗ್ಗೆ ಅವನಿಗೆ ಮೂರು ಸಿದ್ಧಾಂತಗಳಿದ್ದವು. ತಂಗಿ ಎರಡನೆಯದನ್ನು ಕೇಳುತ್ತ ನಿದ್ದೆ ಹೋದಳು. ಪಟ್ಟಿಗೆ ಸಾಸಿವೆ ಸೇರಿಸೋಣವೆಂದು ಚೀಲಕ್ಕೆ ಕೈ ಹಾಕಿದರೆ ಕನ್ನಡಕದ ಡಬ್ಬಿ ಇಲ್ಲ. ಚೀಲವನ್ನು ತೊಡೆಯ ಮೇಲೆ ಸುರಿದೆ. ಇಲ್ಲ. ಓದುಕೋಣೆಯ ಮೇಜು ಕಣ್ಣಿಗೆ ಕಟ್ಟಿತು.

ಫೋನ್ ಮಾಡಿ ಕೇಳೋಣ ಎಂದೆ. ಹುಡುಗ ಪೆನ್ನು ನಿಲ್ಲಿಸಿದ.

‘ಆ ಚೀಟಿ ಅದರೊಳಗೇ ಇದೆಯಾ? ಕನ್ನಡದ್ದು?’

ಹೌದೆಂದೆ.

ಕಿಟಕಿಯಾಚೆ ಕೇವಾದ ನೆಲ ಕತ್ತಲಿಗೆ ತಿರುಗುತ್ತಿತ್ತು. ಛಾಯಾಚಿತ್ರ ತೆಗೆಯಬೇಡಿ ಎಂಬ ಕೋರಿಕೆ ಮತ್ತೆ ಬಂತು. ಫೋನ್ ಮಾಡಲೇಬೇಡ ಎಂದು ಅವನು ನನ್ನ ಕೈ ಹಿಡಿದುಕೊಂಡ. ಈ ಹೊತ್ತಿಗೆ ಯಾರೋ ಆ ಮೇಜಿನ ಮುಂದೆ ಕುಳಿತು, ‘ಹುಣಸೆಹಣ್ಣು ಅರ್ಧ ಕಿಲೋ’ ಎಂಬುದನ್ನು ತಲೆಕೆಳಗಾಗಿ ಹಿಡಿದು, ಸುರುಳಿ ಸುರುಳಿ ಅಕ್ಷರಗಳನ್ನು ಒಂದೊಂದಾಗಿ ಎಣಿಸುತ್ತಿರಬೇಕು ಎಂದ.