ಪಹಣಿಯಲ್ಲಿ ಇಲ್ಲದ ಕಾಕಾ

ಪಿಎಂ ಕಿಸಾನ್ ಕಂತು ಬಿದ್ದ ದಿನ ನನ್ನ ಝೆರಾಕ್ಸ್ ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಹಾವೇರಿ ಜಿಲ್ಲೆಯ ಸಣ್ಣ ಊರು ನಮ್ಮದು. "ನಂದು ಬಂದೈತೇನ್ ನೋಡವ್ವಾ" ಅಂತ ಆಧಾರ್ ಕಾರ್ಡ್ ಚಾಚುತ್ತಾರೆ. ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. ಪಹಣಿಯಲ್ಲಿ ಹೆಸರಿರಬೇಕು, ಎಫ್‌ಐಡಿ ಅನ್ನುವ ರೈತರ ಗುರುತಿನ ಸಂಖ್ಯೆ ಆಗಿರಬೇಕು, ಇ-ಕೆವೈಸಿ ಮುಗಿದಿರಬೇಕು.

ಆ ಪಾಳಿಯಲ್ಲಿ ನಮ್ಮ ಓಣಿಯ ಕಾಕಾ ಒಂದು ದಿನವೂ ನಿಂತಿಲ್ಲ. ಐದು ಎಕರೆ ಗೋವಿನಜೋಳ ಬೆಳೆಯುತ್ತಾನೆ, ಹೊಲ ಮಾತ್ರ ಲಾವಣಿದು, ಅಂದರೆ ಗೇಣಿಗೆ ಹಿಡಿದದ್ದು. ಯುಗಾದಿಗೆ ಮುಂಗಡ ರೊಕ್ಕ ಕೊಟ್ಟು ಹಿಡಿಯುತ್ತಾನೆ, ಎಲ್ಲ ಬಾಯಿಮಾತಲ್ಲೇ. ಮಾಲೀಕರು ಹುಬ್ಬಳ್ಳಿಯಲ್ಲಿದ್ದಾರೆ, ಪಹಣಿ ಅವರ ತಾಯಿಯ ಹೆಸರಲ್ಲಿದೆ. ಕಂತು ಆ ಅಜ್ಜಿಯ ಖಾತೆಗೆ ಹೋಗುತ್ತದೆ. ನಿಯಮದ ಪ್ರಕಾರ ಅದು ಸರಿಯೇ. ಸರ್ಕಾರದ ಸಬ್ಸಿಡಿ ಕಾಕಾಗೆ ಮುಟ್ಟುವುದು ಯೂರಿಯಾ ಚೀಲದಲ್ಲಷ್ಟೇ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆಯಾದವು, ನಮ್ಮದೂ ಅದರಲ್ಲಿತ್ತು. ಜೋಳ ಮೊಳಕಾಲುದ್ದಕ್ಕೇ ಒಣಗಿ ನಿಂತಿತ್ತು. ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಎರಡು ಹೆಕ್ಟೇರ್‌ವರೆಗೆ ಪರಿಹಾರ. ಕಾಕಾನ ಐದು ಎಕರೆಗೆ 17,000 ಆಗುತ್ತಿತ್ತು. ಬೀಜ, ಗೊಬ್ಬರ, ಲಾವಣಿ ಎಲ್ಲ ಕಳಕೊಂಡವನು ಕಾಕಾ. ಪರಿಹಾರ ಹೋದದ್ದು ಹುಬ್ಬಳ್ಳಿಗೆ.

ಮಾಲೀಕರು ಕೆಟ್ಟವರಲ್ಲ. ಆಮೇಲೆ ಫೋನ್‌ಪೇನಲ್ಲಿ ಐದು ಸಾವಿರ ಹಾಕಿದರು. ಕಾಕಾ ನನ್ನ ಅಂಗಡಿಯಿಂದಲೇ ಅವರಿಗೆ ಫೋನ್ ಮಾಡಿ "ನಿಮ್ಮ ಉಪಕಾರ ಮರೆಯಂಗಿಲ್ರೀ" ಅಂದ. ಆ ಮಾತು ಕೇಳಿ ನನಗೆ ಸಂಕಟವಾಯಿತು. ತನ್ನ ಬೆಳೆ ಹೋದದ್ದಕ್ಕೆ ಬಂದ ಪರಿಹಾರ, ಅದಕ್ಕೆ ಕೈಮುಗಿಯಬೇಕಾ?

ಅವತ್ತು ಆ ಹೊಲದ ಪಹಣಿ ತೆಗೆದು ನೋಡಿದೆ. ಕಾಲಂ 12ರಲ್ಲಿ ಸಾಗುವಳಿ ಪದ್ಧತಿ "ಸ್ವಂತ" ಅಂತಿದೆ. ಕಾಕಾನ ಸುಳಿವೇ ಇಲ್ಲ.

ಇರುವಂತೆಯೂ ಇಲ್ಲ. ಉಳುವವನಿಗೇ ಹೊಲ ಕೊಟ್ಟ 1974ರ ಭೂಸುಧಾರಣಾ ಕಾಯ್ದೆ ತಿದ್ದುಪಡಿ ಆದಮೇಲೆ ನಮ್ಮಲ್ಲಿ ಗೇಣಿಗೆ ಕೊಡುವುದೇ ನಿಷಿದ್ಧ. ಹೆಸರು ಬರೆಸಿದರೆ ಹೊಲ ಹೋದೀತು ಅನ್ನುವ ಭಯ ಮಾಲೀಕರಿಗೆ ಇವತ್ತಿಗೂ ಬಿಟ್ಟಿಲ್ಲ. ಆ ಕಾಯ್ದೆಯನ್ನು ನಾನು ಬೈಯಲಾರೆ. ನಮ್ಮ ಅಜ್ಜ ಗೇಣಿದಾರರ ಅರ್ಜಿ ನಮೂನೆ 7 ತುಂಬಿದ್ದಕ್ಕೇ ನಮಗೆ ಎರಡು ಎಕರೆ ದಕ್ಕಿತು. ಅದೇ ಹೊಲದ ಮೇಲೆ ಈಗ ಅಪ್ಪನಿಗೆ ಕಂತು ಬರುತ್ತದೆ. ಅಜ್ಜನ ಜಾಗದಲ್ಲಿ ಈಗ ಕಾಕಾ ಇದ್ದಾನೆ, ತುಂಬಲು ಅವನಿಗೆ ಯಾವ ನಮೂನೆಯೂ ಇಲ್ಲ.

ಆಂಧ್ರದಲ್ಲಿ 2019ರ ಕಾಯ್ದೆಯಿಂದ ಗೇಣಿ ರೈತರಿಗೆ 11 ತಿಂಗಳ ಕಾರ್ಡ್ ಕೊಡುತ್ತಾರೆ, ಭೂಮಿಯ ಹಕ್ಕಿಗೆ ಧಕ್ಕೆ ಇಲ್ಲ. ಮಾಲೀಕರ ಸಹಿ ಬೇಕು, ತೊಡಕು ಅಲ್ಲಿದೆ. ಆದರೂ ಒಂದು ದಾರಿ ಅಂತ ಆಗಿದೆ. ಕಿಸಾನ್ ಕಂತು ಹೊಲದವರಿಗೇ ಇರಲಿ, ಬೆಳೆಹಾನಿ ಪರಿಹಾರವಾದರೂ ಬಿತ್ತಿದವನಿಗೆ ಬರಬೇಕು.

ಬೆಳೆ ಸಮೀಕ್ಷೆಗೆ ಬರುವ ಹುಡುಗ ಹೊಲದಲ್ಲೇ ನಿಂತು ಫೋಟೊ ಹೊಡೆಯುತ್ತಾನೆ. ಕಳೆದ ಸಲ ಜೋಳದ ಸಾಲಿನ ಪಕ್ಕ ಕಾಕಾನೂ ನಿಂತಿದ್ದ. "ಕಾಕಾ, ಸ್ವಲ್ಪ ಸರೀರಿ, ಬೆಳಿ ಅಷ್ಟೇ ಬರಬೇಕು" ಅಂದ ಹುಡುಗ. ಕಾಕಾ ಬದುವಿಗೆ ಸರಿದು ನಿಂತ.