ಕೆರೆಯಿಂದ ಏರಿನ ಮೇಲಕ್ಕೆ ನೀರು: ಕೈಯಲ್ಲಿ ಹೊತ್ತೊಯ್ಯುವ ಪಂಪಿನ ಕೆಲಸ ಎಲ್ಲಿಗೆ ಬಂತು

ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ತೋಟದಲ್ಲಿ ಕೆರೆ ಇರುವುದು ತಗ್ಗಿನಲ್ಲಿ. ಕಾಫಿ ನರ್ಸರಿಯೂ ಔಷಧಿ ಕಲಸುವ ಡ್ರಮ್ಮುಗಳೂ ಇರುವುದು ಏರಿನ ಮೇಲೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಬೇಕಾಗುವ ದೊಡ್ಡ ಡೀಸೆಲ್ ಪಂಪ್‌ಸೆಟ್ಟಿನ ವಿಚಾರ ಇದಲ್ಲ. ಡ್ರಮ್ಮು ತುಂಬಲು, ನರ್ಸರಿಯ ತೊಟ್ಟಿಗೆ ನೀರೇರಿಸಲು, ಸಂಜೆ ಮನೆಗೆ ಎತ್ತಿಕೊಂಡು ಬರಲು ಆಗುವಂತಹ ಸಣ್ಣ ಪಂಪೊಂದನ್ನು ಹೊಂದಿಸುವುದು ಈ ಕೆಲಸದ ಉದ್ದೇಶ. ಆನೆಗಳು ಕೆರೆಗೆ ಇಳಿಯುವ ದಾರಿಯಲ್ಲಿ ಪಿವಿಸಿ ಪೈಪು ಹಾಸಿದರೆ ಅದರ ಗತಿ ಏನಾಗುತ್ತದೆ ಎಂಬುದನ್ನು ಈ ಭಾಗದ ಬೆಳೆಗಾರರಿಗೆ ವಿವರಿಸಬೇಕಾಗಿಲ್ಲ. ಆದುದರಿಂದ ಪಂಪೂ ಪೈಪೂ ಎರಡೂ ಸುತ್ತಿಟ್ಟುಕೊಳ್ಳುವಂತಹವೇ ಆಗಬೇಕಿತ್ತು.

ಡಿಸೆಂಬರ್: ಅಳತೆ

ಅಂಗಡಿಗೆ ಹೋಗುವ ಮೊದಲು ಎತ್ತರವನ್ನು ಅಳೆದೆವು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಟ್ಯೂಬನ್ನು ಹಿಡಿದು ಒಂದು ಸಿಲ್ವರ್ ಓಕ್ ಮರದಿಂದ ಮುಂದಿನ ಮರಕ್ಕೆ ಮಟ್ಟ ಸಾಗಿಸುತ್ತ, ಪ್ರತಿ ಹಂತದ ವ್ಯತ್ಯಾಸವನ್ನು ಸೀಮೆಸುಣ್ಣದಿಂದ ಕಾಂಡದ ಮೇಲೆಯೇ ಬರೆದು ಕೂಡಿಸಿದಾಗ, ಕೆರೆಯ ನೀರಿನ ಮಟ್ಟದಿಂದ ಡ್ರಮ್ಮಿನ ಬಾಯಿಗೆ 17 ಮೀಟರ್ ಬಂತು. ಇಳಿಜಾರಿನ ಮೇಲೆ ಹೋಸ್ ಸಾಗುವ ದಾರಿ 60 ಮೀಟರ್. ಕಣ್ಣಂದಾಜಿಗೆ ಹತ್ತು ಹನ್ನೆರಡು ಮೀಟರ್ ಎಂದೇ ತೋರುತ್ತಿದ್ದ ಏರು ಅದು; ಕಾಫಿ ಗಿಡಗಳ ನಡುವೆ ನಿಂತು ಎತ್ತರ ಊಹಿಸುವುದು ನಂಬತಕ್ಕ ಕೆಲಸವಲ್ಲ.

ಜನವರಿ: ಆಯ್ಕೆ

ಕೆರೆಯ ಬಳಿಗೆ ವಿದ್ಯುತ್ ಇಲ್ಲವಾದ್ದರಿಂದ ವಿದ್ಯುತ್ ಮೋಟಾರಿನ ಮೋನೋಬ್ಲಾಕ್ ಪಂಪು ಮೊದಲೇ ಬಿಟ್ಟುಹೋಯಿತು. ಬ್ಯಾಟರಿಯಿಂದ ನಡೆಯುವ 12 ವೋಲ್ಟಿನ ಸಣ್ಣ ಡಯಾಫ್ರಾಮ್ ಪಂಪುಗಳು ನಿಮಿಷಕ್ಕೆ ಕೆಲವೇ ಲೀಟರ್ ಕೊಡುತ್ತವೆ; ಸಿಂಪಡಣೆಗೆ ಸರಿ, ಡ್ರಮ್ಮು ತುಂಬಲು ಸಾಲದು. ಉಳಿದದ್ದು ಪೆಟ್ರೋಲ್ ಪಂಪು. ಟೂ ಸ್ಟ್ರೋಕ್ ಹಗುರವಾದರೂ ಪ್ರತಿ ಸಲ ಆಯಿಲ್ ಬೆರೆಸಿದ ಪೆಟ್ರೋಲನ್ನೇ ಹಾಕಬೇಕು, ಮತ್ತು ಬೇರೆ ಬೇರೆಯವರು ಚಾಲೂ ಮಾಡುವ ಯಂತ್ರದಲ್ಲಿ ಅದು ಒಂದು ದಿನ ತಪ್ಪಿಯೇ ತಪ್ಪುತ್ತದೆ. ಆದುದರಿಂದ ಒಂದಿಂಚು ಬಾಯಿಯ ಸಣ್ಣ ಫೋರ್ ಸ್ಟ್ರೋಕ್ ಪಂಪನ್ನು ಆರಿಸಿದೆವು.

ಅದರ ಪಟ್ಟಿಯ ಮೇಲೆ ಗರಿಷ್ಠ ಹೆಡ್ (ನೀರೇರಿಸಬಲ್ಲ ಎತ್ತರ) 30 ಮೀಟರ್, ಗರಿಷ್ಠ ನೀರು ನಿಮಿಷಕ್ಕೆ 130 ಲೀಟರ್ ಎಂದಿದೆ. ಇವೆರಡೂ ಒಟ್ಟಿಗೆ ಸಿಗುವ ಅಂಕಿಗಳಲ್ಲ. 30 ಮೀಟರಿನಲ್ಲಿ ನೀರು ಹರಿಯುವುದೇ ನಿಲ್ಲುತ್ತದೆ; 130 ಲೀಟರ್ ಬರುವುದು ಎತ್ತುವ ಕೆಲಸವೇ ಇಲ್ಲದಿದ್ದಾಗ. ನಮಗೆ ಬೇಕಾದುದು ಇವೆರಡರ ನಡುವಿನ ಒಂದು ಬಿಂದು, ಮತ್ತು ಅದನ್ನು ನಿರ್ಧರಿಸುವುದು 17 ಮೀಟರ್ ಎತ್ತರದ ಜೊತೆಗೆ ಹೋಸಿನೊಳಗಿನ ಘರ್ಷಣೆ. ಅಂಗಡಿಯವರು ಪಂಪಿನ ಬಾಯಿಗೆ ಹೊಂದುವ 25 ಮಿಲಿಮೀಟರ್ ಹೋಸನ್ನೇ ಕೊಡಲು ಮುಂದಾದರು. ಆದರೆ ಅಷ್ಟೇ ನೀರು ಹರಿಯುವಾಗ 40 ಮಿಲಿಮೀಟರ್ ಹೋಸಿನಲ್ಲಿ ಘರ್ಷಣೆಯ ನಷ್ಟ ಹೆಚ್ಚು ಕಡಿಮೆ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಎರಡನ್ನೂ ತರಿಸಿ ಹೋಲಿಸಿ ನೋಡಿದೆವು: 200 ಲೀಟರಿನ ಡ್ರಮ್ಮು ತೆಳು ಹೋಸಿನಲ್ಲಿ ತುಂಬಲು ನಾಲ್ಕು ನಿಮಿಷ ದಾಟಿತು, ದಪ್ಪ ಹೋಸಿನಲ್ಲಿ ಮೂರು ನಿಮಿಷದೊಳಗೆ ತುಂಬಿತು. ಪಂಪು ಅದೇ, ಪೆಟ್ರೋಲೂ ಅದೇ.

ಫೆಬ್ರವರಿ: ನೀರು ಎಳೆಯುವ ಕಡೆ

ಮೇಲಕ್ಕೆ ತಳ್ಳುವ ಶಕ್ತಿಯನ್ನು ಎಂಜಿನ್ ಕೊಡುತ್ತದೆ. ಕೆಳಗಿನಿಂದ ನೀರನ್ನು ಪಂಪಿನೊಳಕ್ಕೆ ನೂಕುವುದು ವಾತಾವರಣದ ಒತ್ತಡ. ಸಮುದ್ರಮಟ್ಟದಲ್ಲಿಯೂ ಅದು 10.3 ಮೀಟರಿಗಿಂತ ಹೆಚ್ಚು ಎತ್ತಲಾರದು, ಸುಮಾರು 900 ಮೀಟರ್ ಎತ್ತರದ ನಮ್ಮಂತಹ ಜಾಗದಲ್ಲಿ ಆ ಮಿತಿಯೇ ಒಂಬತ್ತು ಚಿಲ್ಲರೆ ಮೀಟರಿಗೆ ಇಳಿಯುತ್ತದೆ, ಬಳಕೆಯಲ್ಲಿ ಆರು ಮೀಟರ್ ಸಿಕ್ಕರೆ ಹೆಚ್ಚು. ಪಂಪನ್ನು ಏರಿನ ಮೇಲಿಟ್ಟು ಕೆರೆಗೆ ಪೈಪು ಇಳಿಬಿಡುವ ಆಸೆ ಎಷ್ಟೇ ಸಹಜವಾದರೂ ಅದು ನಡೆಯುವುದಿಲ್ಲ. ನಾವು ಕೆರೆಯ ದಂಡೆಯಲ್ಲಿ, ನೀರಿನಿಂದ ಒಂದೂವರೆ ಮೀಟರ್ ಮೇಲೆ, ಚಪ್ಪಡಿ ಕಲ್ಲೊಂದನ್ನು ಮಟ್ಟಸವಾಗಿ ಹಾಸಿ ಪಂಪಿಗೆ ಜಾಗ ಮಾಡಿದೆವು.

ಎಳೆಯುವ ಹೋಸ್ ಒಳಗೆ ಸುರುಳಿ ಇರುವ ಗಟ್ಟಿಯದೇ ಆಗಬೇಕು. ಮಡಚುವ ಚಪ್ಪಟೆ ಹೋಸ್ ಇಲ್ಲಿ ಒಳಕ್ಕೆ ಅಂಟಿಕೊಳ್ಳುತ್ತದೆ. ಅದರ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ, ಜಾಲರಿ ಇರುವ ಫುಟ್‌ವಾಲ್ವನ್ನು ಮುಚ್ಚಳ ಬಿಗಿದ ಖಾಲಿ ಕ್ಯಾನಿಗೆ ಹಗ್ಗದಿಂದ ಕಟ್ಟಿ ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ತೂಗಾಡುವಂತೆ ಬಿಟ್ಟಿದ್ದೇವೆ. ತಳದ ಕೆಸರೂ ಎಲೆಯೂ ಜಾಲರಿಗೆ ಬರುವುದಿಲ್ಲ, ಮೇಲಿನ ಗಾಳಿಯೂ ಸುಳಿಯಾಗಿ ಒಳಸೇರುವುದಿಲ್ಲ.

ಆದರೂ ಮೊದಲು ನೀರು ಹಾಲಿನಂತೆ ಬೆಳ್ಳಗೆ, ಉಗುಳಿ ಉಗುಳಿ ಬರುತ್ತಿತ್ತು. ಗಾಳಿ ಎಳೆಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಎಳೆಯುವ ಕಡೆಯ ಸೋರಿಕೆಯಲ್ಲಿ ನೀರು ಹೊರಗೆ ಹನಿಯುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಹಾಗಾಗಿ ಜೋಡಣೆಗಳ ಮೇಲೆ ಒಂದೊಂದಾಗಿ ಗ್ರೀಸ್ ಮೆತ್ತುತ್ತ ಬಂದೆವು. ಪಂಪಿನ ಬಾಯಿಯ ಯೂನಿಯನ್ನಿಗೆ ಮೆತ್ತಿದ ಕೂಡಲೇ ಧಾರೆ ತಿಳಿಯಾಯಿತು. ಬಿಚ್ಚಿ ನೋಡಿದರೆ ರಬ್ಬರ್ ವಾಷರ್ ಒಂದು ಬದಿಗೆ ಜಾರಿ, ಅಂಚು ಕೂದಲೆಳೆಯಷ್ಟು ಸೀಳಿತ್ತು.

ಮಾರ್ಚ್: ಬಳಕೆ

ಚಾಲೂ ಮಾಡುವ ಮೊದಲು ಪಂಪಿನ ಹೊಟ್ಟೆಗೆ ಮೇಲಿನ ಬಿರಡೆಯಿಂದ ನೀರು ತುಂಬಲೇಬೇಕು. ಒಣಗಿ ತಿರುಗಿದರೆ ಶಾಫ್ಟಿನ ಸೀಲ್ ಸುಟ್ಟುಹೋಗುತ್ತದೆ. ಮೇಲಿನ ಹೋಸಿನಲ್ಲಿ ಸುಮಾರು 75 ಲೀಟರ್ ನೀರು ನಿಲ್ಲುತ್ತದೆ, ಅಂದರೆ 75 ಕಿಲೋ. ತುಂಬಿದ ಹೋಸನ್ನು ಎಳೆದಾಡುವುದು ಆಗದ ಮಾತು. ಆದುದರಿಂದ ಡ್ರಮ್ಮುಗಳನ್ನೇ ಸಾಲಾಗಿಟ್ಟು, ಹೋಸಿನ ಮೇಲ್ತುದಿಗೆ ಬಾಲ್ ವಾಲ್ವ್ ಮತ್ತು ಗಿಡ್ಡ ತುಂಡೊಂದನ್ನು ಜೋಡಿಸಿದ್ದೇವೆ. ತಗ್ಗಿನಲ್ಲಿ ಮೊಬೈಲ್ ಸಿಗ್ನಲ್ ಸಿಗದಿದ್ದರೂ ತೊಂದರೆಯಿಲ್ಲ: ಮೇಲೆ ವಾಲ್ವ್ ಮುಚ್ಚಿದೊಡನೆ ಎಂಜಿನ್ನಿನ ಭಾರ ಇಳಿದು ಸದ್ದು ಹಗುರವಾಗುತ್ತದೆ, ಕೆಳಗಿದ್ದವರಿಗೆ ಡ್ರಮ್ಮು ತುಂಬಿತೆಂದು ತಿಳಿಯುತ್ತದೆ. ಮುಚ್ಚಿದ ವಾಲ್ವಿನೆದುರು ಹೆಚ್ಚು ಹೊತ್ತು ಓಡಿಸಿದರೆ ಒಳಗಿನ ನೀರು ಕಾಯುವುದರಿಂದ ಕೂಡಲೇ ಮುಂದಿನ ಡ್ರಮ್ಮಿಗೆ ಬಿಡಬೇಕು, ಇಲ್ಲವೇ ಪಂಪು ನಿಲ್ಲಿಸಬೇಕು.

ಮಳೆಗಾಲಕ್ಕೆ ಮುಂಚೆ ಶಿಲೀಂಧ್ರ ರೋಗ ತಡೆಯಲು ಮಾಡುವ ಬೋರ್ಡೋ ಸಿಂಪಡಣೆಗೂ ಇದೇ ನೀರು. ಶೇಕಡಾ 1ರ ದ್ರಾವಣಕ್ಕೆ ಒಂದು ಡ್ರಮ್ಮಿಗೆ ಮೈಲುತುತ್ತ 2 ಕಿಲೋ, ಸುಣ್ಣ 2 ಕಿಲೋ. ಆದರೆ ಕಲಸಿದ ದ್ರಾವಣವನ್ನು ಈ ಪಂಪಿನಲ್ಲಿ ಸಾಗಿಸಲು ನಾನು ಬಿಡುವುದಿಲ್ಲ, ಏಕೆಂದರೆ ಮೈಲುತುತ್ತ ಅಲ್ಯೂಮಿನಿಯಂ ದೇಹವನ್ನು ತಿನ್ನುತ್ತದೆ.

ಇನ್ನು ಉಳಿದಿರುವುದು ನರ್ಸರಿಯ ಮೇಲುಭಾಗದಲ್ಲಿ 1000 ಲೀಟರಿನ ಟ್ಯಾಂಕ್ ಇಡುವ ಕಟ್ಟೆ. ಅಲ್ಲಿಗೆ ಎತ್ತರ ಮೂರು ಮೀಟರ್ ಹೆಚ್ಚುತ್ತದೆ. 20 ಮೀಟರಿನಲ್ಲಿ ಎಷ್ಟು ನೀರು ಬರುತ್ತದೆಂದು ಹೋಸಿನ ತುದಿಯನ್ನು ಅಷ್ಟೆತ್ತರಕ್ಕೆ ಕಟ್ಟಿ ಅಳೆದ ಮೇಲೆಯೇ ಕಟ್ಟೆಗೆ ಕಲ್ಲು ತರಿಸುತ್ತೇವೆ.